ಗೊರಕೆಯ ಮೆಷಿನ್ ಚಟವಾಗುತ್ತದಾ?

"ಅಪ್ಪನಿಗೆ ಸ್ಲೀಪ್ ಆಪ್ನಿಯಾ, ನಿದ್ದೆಯಲ್ಲಿ ಆಗಾಗ ಉಸಿರು ನಿಲ್ಲುತ್ತದೆ. ಮಂಗಳೂರಿನಲ್ಲಿ ಡಾಕ್ಟರು ರಾತ್ರಿ ಮಾಸ್ಕ್ ಹಾಕಿ ಮಲಗುವ ಸಿಪ್ಯಾಪ್ ಮೆಷಿನ್ ಹೇಳಿದ್ದಾರೆ. ಒಮ್ಮೆ ಆಕ್ಸಿಜನ್ ಅಭ್ಯಾಸವಾದರೆ ಮತ್ತೆ ಬಿಡಲಿಕ್ಕೇ ಆಗುವುದಿಲ್ಲವಂತೆ. ಅದರ ಬದಲು ಆಪರೇಷನ್ ಮಾಡಿಸಬಹುದಾ?" ಬದಿಯಡ್ಕದ ಓದುಗರೊಬ್ಬರ ಪ್ರಶ್ನೆ.

ಇದೇ ಪ್ರಶ್ನೆ ಕುಂಬಳೆಯಿಂದ ಬಂದಿತ್ತು, ಪೆರ್ಲದಿಂದಲೂ ಬಂದಿತ್ತು. ಆಪರೇಷನ್ ಆಮೇಲೆ ನೋಡೋಣ. ಮೊದಲು ಆ ಆಕ್ಸಿಜನ್ ಕಥೆ ಮುಗಿಸುತ್ತೇನೆ.

ಸಿಪ್ಯಾಪ್‌ನಲ್ಲಿ ಆಕ್ಸಿಜನ್ ಇಲ್ಲ ಮಾರಾಯ್ರೇ! ಸಿಲಿಂಡರೂ ಇಲ್ಲ. ನಾಲ್ಕು ವಾರ ಬಳಸಿದ ಮೆಷಿನ್ನಿನ ಫಿಲ್ಟರ್ ತೆಗೆದು ನೋಡಿ, ನಿಮ್ಮ ಕೋಣೆಯದ್ದೇ ಧೂಳು ಅಂಟಿರುತ್ತದೆ. ಕೋಣೆಯ ಗಾಳಿಯನ್ನೇ ಎಳೆದು ಸ್ವಲ್ಪ ಒತ್ತಡದಲ್ಲಿ ಊದುತ್ತದೆ, ಅಷ್ಟೇ.

ಒತ್ತಡ ಯಾಕೆ? ತೋಟದ ಪಂಪಿನ ಸಕ್ಷನ್ನಿಗೆ ಮೆತ್ತನೆ ಪೈಪು ಹಾಕಿದರೆ ಏನಾಗುತ್ತದೆ? ಎಳೆದ ಕೂಡಲೇ ಚಪ್ಪಟೆ. ನಿದ್ದೆಯಲ್ಲಿ ಸಡಿಲಾದ ಗಂಟಲಿಗೆ ಆಗುವುದೂ ಅದೇ. ಉಸಿರು ಕಟ್ಟಿ ಗೊರಕೆ ನಿಲ್ಲುತ್ತದೆ. ಹತ್ತು ಸೆಕೆಂಡ್, ಕೆಲವೊಮ್ಮೆ ಅರ್ಧ ನಿಮಿಷ ಸದ್ದೇ ಇಲ್ಲ. (ಪಕ್ಕದವರು "ಸದ್ಯ, ಈಗ ಒಳ್ಳೆ ನಿದ್ದೆ ಬಂತು" ಅಂದುಕೊಳ್ಳುವುದು ಈ ಹೊತ್ತಿನಲ್ಲೇ.) ಒಳಗಿನಿಂದ ಗಾಳಿ ಒತ್ತಿ ಹಿಡಿದರೆ ಪೈಪು ಮುಚ್ಚುವುದಿಲ್ಲ ಎಂದು ಸಿಡ್ನಿಯ ಡಾಕ್ಟರು ಕಾಲಿನ್ ಸಲ್ಲಿವನ್ 1981ರಲ್ಲೇ ತೋರಿಸಿದ್ದಾರೆ.

ಮೆಷಿನ್ ಬಿಟ್ಟರೆ ತೊಂದರೆ ಮತ್ತೆ ಬರುತ್ತದೆ, ನಿಜ. ಆಟಿಯ ಮಳೆಯಲ್ಲಿ ಕೊಡೆ ಮಡಚಿದರೂ ಒದ್ದೆಯಾಗುತ್ತೀರಿ. ಅದನ್ನು ಕೊಡೆಯ ಚಟ ಅನ್ನುತ್ತೀರಾ? ತೂಕ ಚೆನ್ನಾಗಿ ಇಳಿಸಿ, ಮತ್ತೆ ಟೆಸ್ಟ್ ಮಾಡಿಸಿ, ಡಾಕ್ಟರನ್ನು ಕೇಳಿಯೇ ಮೆಷಿನ್ ಬಿಟ್ಟವರೂ ಇದ್ದಾರೆ.

ಈಗ ಬದಲಿ. ನಿದ್ದೆಯ ಟೆಸ್ಟಿನ ರಿಪೋರ್ಟಿನಲ್ಲಿ ಎಎಚ್‌ಐ ನೋಡಿ. ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ಕುಗ್ಗಿತು ಎಂಬ ಲೆಕ್ಕ ಅದು. 5ರಿಂದ 15 ಅಂದರೆ ಸೌಮ್ಯ, 30 ದಾಟಿದರೆ ತೀವ್ರ. ತೀವ್ರವಾಗಿದ್ದರೆ ಮೊದಲು ಮೆಷಿನ್ನೇ. ಸೌಮ್ಯ, ಮಧ್ಯಮ ಆದರೆ ಕೆಳದವಡೆಯನ್ನು ಮುಂದಕ್ಕೆ ಹಿಡಿಯುವ, ಹಲ್ಲಿಗೆ ಹಾಕುವ ಸಾಧನ ಸಾಕಾಗಬಹುದು. ಆದರೆ ಗಟ್ಟಿ ಹಲ್ಲು ಬೇಕು. ಅಂಗಾತ ಮಲಗಿದಾಗ ಮಾತ್ರ ತೊಂದರೆಯಾದರೆ ಮಗ್ಗುಲಾಗಿ ಮಲಗುವುದೇ ಅರ್ಧ ಮದ್ದು. ಟಾನ್ಸಿಲ್ ದೊಡ್ಡದಿದ್ದರೆ ಆಪರೇಷನ್ ಒಳ್ಳೆಯದೇ. ಸುಮ್ನೆ ಅಂಗುಳ ಕತ್ತರಿಸಿದರೆ ಎಲ್ಲರಿಗೂ ಗುಣವಾಗುವುದಿಲ್ಲ. ಗುಣವಾದರೂ ಕೆಲವರಿಗೆ ವರ್ಷಗಳ ಮೇಲೆ ಮರಳುತ್ತದೆ.

ಇನ್ನು ನೀವು ಕೇಳದೇ ಇದ್ದದ್ದು. ರಾತ್ರಿ ಕರೆಂಟ್ ಹೋದರೆ? ಮಾಸ್ಕಿನಲ್ಲಿ ಸಣ್ಣ ತೂತುಗಳಿವೆ, ಉಸಿರು ಕಟ್ಟಿ ಹೋಗುವುದಿಲ್ಲ. ಎಚ್ಚರವಾಗುತ್ತದೆ, ತೆಗೆದಿಡಬಹುದು. ಇನ್ವರ್ಟರ್ ಇದ್ದರೆ ಆ ಕಿರಿಕಿರಿಯೂ ಇಲ್ಲ. ಮತ್ತೆ ಗಾಳಿಗೆ ತೇವ ಕೊಡಲು ಮೆಷಿನ್ನಿನಲ್ಲಿರುವ ಆ ಪುಟ್ಟ ನೀರಿನ ಡಬ್ಬಿ: ನಿಮ್ಮ ಗುಡ್ಡದ ಸುರಂಗದ ನೀರು ಎಷ್ಟೇ ಸಿಹಿ ಇರಲಿ, ಅದಕ್ಕೆ ಡಿಸ್ಟಿಲ್ಡ್ ವಾಟರೇ ಹಾಕಿ. ಉಳಿದದ್ದನ್ನು ಬೆಳಿಗ್ಗೆ ಚೆಲ್ಲಿ.