ಅಚ್ಚು, ಎರಕ ಮತ್ತು ಒಂದು ಹನಿ ನೀರು

ಅಪ್ಪನನ್ನೇ ಹೋಲುವ ಮಗನನ್ನು 'ಅಪ್ಪನ ಪಡಿಯಚ್ಚು' ಎನ್ನುತ್ತೇವೆ. ಅಚ್ಚೆಂದರೆ ಬೇಕಾದ ಆಕಾರದ ಟೊಳ್ಳು. ಆ ಟೊಳ್ಳಿಗೆ ಹೊಯ್ದದ್ದು ಗಟ್ಟಿಯಾಗಿ ಹೊರಬಂದರೆ ಎರಕ. ಎರಕದ ಬೇರು 'ಎರೆ', ತಲೆಗೆ ನೀರೆರೆಯುತ್ತೇವಲ್ಲ, ಅದೇ. ಹೊಯ್ಯುವುದು ಕಬ್ಬಿಣವೇ ಆಗಬೇಕೆಂದೇನಿಲ್ಲ.

ಸಂಕ್ರಾಂತಿಯ ಸಕ್ಕರೆ ಅಚ್ಚು ಅಪ್ಪಟ ಎರಕ. ಮರದ ಅಚ್ಚುಗಳನ್ನು ಮೊದಲು ನೀರಲ್ಲಿ ನೆನೆಹಾಕುತ್ತಾರೆ. ಆಮೇಲೆ ಎರಡು ಹೋಳನ್ನೂ ಜೋಡಿಸಿ, ದಾರದಲ್ಲಿ ಬಿಗಿದು, ಬಿಳುಪೇರಿದ ಬಿಸಿ ಪಾಕವನ್ನು ಹೊಯ್ಯುತ್ತಾರೆ. ನೀರು ಕುಡಿದ ಮರಕ್ಕೆ ಸಕ್ಕರೆ ಅಂಟುವುದಿಲ್ಲ. ಅವಸರ ಮಾಡಿ ಒಣ ಅಚ್ಚಿಗೆ ಹೊಯ್ದರೆ ಆನೆಯ ಸೊಂಡಿಲು ಅಚ್ಚಿನಲ್ಲೇ ಉಳಿಯುತ್ತದೆ. ನಮ್ಮ ಮನೆಯಲ್ಲಿ ಸೊಂಡಿಲಿಲ್ಲದ ಆನೆಗಳು ಮಕ್ಕಳ ಪಾಲು.

ಇದೇ ನೀರು ಲೋಹದೆರಕದಲ್ಲಿ ಯಮ. ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ 12ನೇ ಶತಮಾನದ ತನ್ನ 'ಮಾನಸೋಲ್ಲಾಸ'ದಲ್ಲಿ ಮೇಣದೆರಕವನ್ನು ವಿವರಿಸಿದ್ದಾನೆ. ಮೇಣದ ಮೂರ್ತಿಗೆ ಮಣ್ಣು ಮೆತ್ತಿ, ಒಣಗಿಸಿ, ಕಾಯಿಸಿ, ಕರಗಿದ ಮೇಣವನ್ನು ಬಸಿದು ಆ ಜಾಗಕ್ಕೆ ಲೋಹ ಹೊಯ್ಯುವ ಕ್ರಮ ಅದು. ಒಣಗಿಸುವುದರಲ್ಲಿ ಕಳ್ಳತನ ನಡೆಯದು. ಮಣ್ಣಲ್ಲಿ ಪಸೆ ಉಳಿದಿದ್ದರೆ ಅದು ತಟಕ್ಕನೆ ಹಬೆಯಾಗಿ 1,600 ಪಟ್ಟಿಗೂ ಹೆಚ್ಚು ಹಿಗ್ಗಿ, ಕಾದ ಲೋಹವನ್ನು ಮುಖಕ್ಕೇ ಎರಚುತ್ತದೆ.

ಪ್ಲಾಸ್ಟರ್ ಆಫ್ ಪ್ಯಾರಿಸ್ ಸಾಧುವಾಗಿ ಕಾಣುವ ಕಿಲಾಡಿ. ಜಿಪ್ಸಮ್ ಎಂಬ ಖನಿಜವನ್ನು ಸುಮಾರು 150 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹುರಿದು, ಅದರೊಳಗಿನ ನೀರಿನಲ್ಲಿ ಮುಕ್ಕಾಲು ಪಾಲು ಕಳೆದರೆ ಸಿಗುವ ಪುಡಿ ಇದು. ನೀರು ಬೆರೆಸಿದಾಗ ಕಳೆದದ್ದನ್ನು ಮರಳಿ ಹೀರಿಕೊಂಡು ಬಿಸಿಯೇರುತ್ತದೆ. ತೆಳುವಾಗಿದ್ದರೆ ಬೆಚ್ಚಗೆ, ಅಷ್ಟೆ. ಬಕೆಟ್ ತುಂಬ ಇದ್ದರೆ 60 ಡಿಗ್ರಿ ಮುಟ್ಟಬಹುದು. 2007ರಲ್ಲಿ ಇಂಗ್ಲೆಂಡಿನ ಶಾಲೆಯೊಂದರಲ್ಲಿ ಕೈಯ ಅಚ್ಚು ತೆಗೆಯಲು ಇದರಲ್ಲಿ ಕೈ ಅದ್ದಿದ ಹುಡುಗಿಯೊಬ್ಬಳು ಬಹುಪಾಲು ಬೆರಳುಗಳನ್ನೇ ಕಳೆದುಕೊಂಡಳು. ಕೈಯ ಅಚ್ಚಿಗೆ ಬೇಕಾದ್ದು ಆಲ್ಜಿನೇಟ್: ಕಡಲ ಪಾಚಿಯಿಂದ ಬರುವ, ಹಲ್ಲಿನ ವೈದ್ಯರು ಅಳತೆ ತೆಗೆಯಲು ಬಾಯಿಗಿಡುವ ಲೋಳೆ. ಅದು ಒಣಗಿದಂತೆ ಕುಗ್ಗುವುದರಿಂದ ಎರಕವನ್ನು ಕೂಡಲೇ ಹೊಯ್ಯಬೇಕು.

ಮತ್ತೆ ಮತ್ತೆ ಎರಕ ತೆಗೆಯಬೇಕಾದರೆ ಸಿಲಿಕೋನ್ ರಬ್ಬರ್. ಗಟ್ಟಿಯಾಗಿಸಲು ಬಳಸುವ ಲೋಹದ ಸಂಯುಕ್ತದ ಮೇಲೆ ಇದರಲ್ಲಿ ಎರಡು ಬಗೆ. ತವರದ ಬಗೆ ಅಗ್ಗ, ಆದರೆ ಕಾಲ ಕಳೆದಂತೆ ಕುಗ್ಗುತ್ತದೆ. ಪ್ಲಾಟಿನಂ ಬಗೆ ಅಳತೆ ಬಿಡದು, ಮಡಿ ಮಾತ್ರ ಜಾಸ್ತಿ: ಗಂಧಕವಿರುವ ಜೇಡಿ ಅಥವಾ ಲೇಟೆಕ್ಸ್ ಗ್ಲೌಸ್ ಸೋಕಿದರೂ ಸಾಕು, ಗಟ್ಟಿಯಾಗದೆ ಅಂಟಂಟಾಗಿಯೇ ಉಳಿಯುತ್ತದೆ. ನೈಟ್ರೈಲ್ ಗ್ಲೌಸ್ ಹಾಕಿ.

ಆ ಅಚ್ಚಿಗೆ ಪಾಲಿಯುರೆಥೇನ್ ರೆಸಿನ್, ಅಂದರೆ ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ಪ್ಲಾಸ್ಟಿಕ್, ಹೊಯ್ಯುವವರಿಗೆ ಮತ್ತೆ ನೀರಿನ ಕಾಟ. ಕಲಕುವ ಕಡ್ಡಿಯಲ್ಲಿ ತೇವವಿದ್ದರೂ ಇಂಗಾಲದ ಡೈಆಕ್ಸೈಡ್ ಹುಟ್ಟಿ ನೊರೆ ಬರುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ಈ ಕೆಲಸಕ್ಕೆ ಕೈಹಾಕದಿರುವುದೇ ವಾಸಿ. ಈ ರೆಸಿನ್ನಿನಲ್ಲಿರುವ ಐಸೊಸಯನೇಟ್ ಎಂಬ ರಾಸಾಯನಿಕದ ಆವಿ ಉಬ್ಬಸ ತರಬಲ್ಲದು, ಕಿಟಕಿ ತೆರೆದಿರಲಿ. ಎಪಾಕ್ಸಿ ಎಂಬ ಇನ್ನೊಂದು ರೆಸಿನ್ನಿನಲ್ಲಿ ಆವಿಗಿಂತ ಚರ್ಮದ ಅಲರ್ಜಿಯ ಭಯ ಹೆಚ್ಚು.

ಇನ್ನು ಉಳಿದ ಪ್ಲಾಸ್ಟರ್ ನೀರನ್ನು ಸಿಂಕಿಗೆ ಚೆಲ್ಲಬೇಡಿ. ಅದು ನೀರಿನೊಳಗೂ ಗಟ್ಟಿಯಾಗುತ್ತದೆ. ನಿಮ್ಮ ಮುಂದಿನ ಎರಕ ಪೈಪಿನ ಆಕಾರದಲ್ಲಿರುತ್ತದೆ.