ಬುಡಕ್ಕೆ ಸುರಿದ ಶಿಲೀಂಧ್ರನಾಶಕ ಮಣ್ಣಿನಲ್ಲಿ ಎಷ್ಟು ದಿನ ಇರುತ್ತದೆ?

ಪ್ರಶ್ನೆ: ನಮ್ಮದು ರಾಯಚೂರು ಜಿಲ್ಲೆಯ ಎರೆ ಹೊಲ. ಮೆಣಸಿನಗಿಡ ಸೊರಗುತ್ತಿವೆ ಎಂದು ಎರಡು ಸಲ ಬುಡಕ್ಕೆ ಔಷಧಿ ಸುರಿದೆವು. ಅದು ಬೇಸಿಗೆ ಬಿಸಿಲಿಗೆ ಸುಟ್ಟುಹೋಗುತ್ತದೋ, ಬೋರ್ ನೀರಿಗೆ ಇಳಿಯುತ್ತದೋ?

ಉತ್ತರ: ಬಿಸಿಲು ತಟ್ಟುವುದು ಮೇಲಿನ ತೆಳು ಪದರಕ್ಕೆ ಮಾತ್ರ. ಒಳಗಿನ ಔಷಧಿಯನ್ನು ಒಡೆಯುವುದು ಬಹುಮಟ್ಟಿಗೆ ಸೂಕ್ಷ್ಮಜೀವಿಗಳು, ಅವಕ್ಕೆ ಹಸಿ ಬೇಕು. ಹಸಿ ಮಣ್ಣಿನಲ್ಲಿ ಉಷ್ಣಾಂಶ 10 ಡಿಗ್ರಿ ಏರಿದರೆ ಒಡೆಯುವ ವೇಗ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಏಪ್ರಿಲ್-ಮೇ ತಿಂಗಳ ಒಣ ಎರೆಯಲ್ಲಿ ಈ ಲೆಕ್ಕ ನಡೆಯದು. ಫೆಬ್ರವರಿಯಲ್ಲಿ ಉಳಿದದ್ದರಲ್ಲಿ ಬಹುಪಾಲು ಮುಂಗಾರಿನವರೆಗೆ ಹಾಗೇ ಕೂತಿರುತ್ತದೆ. ದಿನ ಎಣಿಸುವಾಗ ನೆಲ ಹಸಿಯಿದ್ದ ದಿನಗಳನ್ನಷ್ಟೇ ಎಣಿಸಿ.

ಇನ್ನು, ಸುರಿದದ್ದು ಯಾವ ಔಷಧಿ? ಮ್ಯಾಂಕೋಜೆಬ್ ಕೆಲವೇ ದಿನಗಳಲ್ಲಿ ಒಡೆಯುತ್ತದೆ. ಅದರಿಂದ ಹುಟ್ಟುವ ಇಟಿಯು ಎಂಬ ವಸ್ತು ನೀರಲ್ಲಿ ಸುಲಭವಾಗಿ ಕರಗಿ ಹರಿಯುತ್ತದಾದರೂ ಹಸಿ ಮಣ್ಣಿನಲ್ಲಿ ಬಹಳ ದಿನ ಬಾಳದು. ಕಾರ್ಬೆಂಡಜಿಮ್ ಹಾಗಲ್ಲ. ಅದು ಅರ್ಧಕ್ಕಿಳಿಯಲು ಮಣ್ಣು ನೋಡಿಕೊಂಡು ಒಂದು ತಿಂಗಳಿಂದ ವರ್ಷದವರೆಗೂ ಬೇಕು, ಅಲ್ಲಿಯವರೆಗೆ ಎರೆಹುಳುವಿಗೆ ಕೇಡು. 'ಔಷಧಿ ಬದಲಿಸಿದೆವು' ಎಂದು ಥಯೋಫನೇಟ್ ಮೀಥೈಲ್ ತರುವವರಿದ್ದಾರೆ. ಮಣ್ಣಿಗೆ ಬಿದ್ದಮೇಲೆ ಅದೂ ಕಾರ್ಬೆಂಡಜಿಮ್ಮೇ ಆಗುತ್ತದೆ!

ಮೆಟಲಾಕ್ಸಿಲ್ ಎಂಬ ಇನ್ನೊಂದು ಶಿಲೀಂಧ್ರನಾಶಕ ಲೀಟರ್ ನೀರಿಗೆ 8 ಗ್ರಾಂನಷ್ಟು ಕರಗುತ್ತದೆ, ಮಣ್ಣಿಗೆ ಅಂಟುವುದು ಕಡಿಮೆ. ನೀರಿನ ಜೊತೆ ಕೆಳಗಿಳಿಯುವುದರಲ್ಲಿ ಇದೇ ಮುಂದು, ಅದರಲ್ಲೂ ಮರಳು ಮಿಶ್ರಿತ ಮಸಾರಿಯಲ್ಲಿ. ಒಂದೇ ಹೊಲಕ್ಕೆ ಮತ್ತೆ ಮತ್ತೆ ಸುರಿದರೆ ಸೂಕ್ಷ್ಮಜೀವಿಗಳು ಅದನ್ನು ತಿನ್ನಲು ಪಳಗಿ, ಬರಬರುತ್ತಾ ಬೇಗ ಮುಗಿಸುತ್ತವೆ. ಆಗ ಪ್ರಮಾಣ ಏರಿಸುವುದು ದುಡ್ಡು ದಂಡ. ಸುರಿಯುವ ಮೊದಲು ಸೊರಗಿದ ಗಿಡದ ಕಾಂಡ ಸೀಳಿ ನೋಡಿ. ಒಳಗೆ ಕಂದು ಗೆರೆ ಕಂಡರೆ ಫ್ಯುಸೇರಿಯಮ್ ಎಂಬ ಸೊರಗು ರೋಗದ ಶಿಲೀಂಧ್ರ ಇದ್ದೀತು, ಅದರ ಮೇಲೆ ಮೆಟಲಾಕ್ಸಿಲ್ ಕೆಲಸವೇ ಮಾಡುವುದಿಲ್ಲ.

'ಎರೆ ಜಿಗಟು, ಔಷಧಿ ಇಳಿಯಲ್ಲ' ಎನ್ನುವ ಮಾತು ಅರ್ಧ ನಿಜ. ಜೇಡಿ ಹಿಡಿದಿಡುತ್ತದೆ, ಸರಿ. ಆದರೆ ಒಣಗಿ ಕೈ ತೂರುವಷ್ಟು ಬಿರುಕು ಬಿಟ್ಟ ನೆಲಕ್ಕೆ ಸುರಿದರೆ ದ್ರಾವಣ ಬೇರನ್ನೂ ಮುಟ್ಟದೆ ಬಿರುಕಿನಲ್ಲಿ ಕೆಳಗೆ ಹೋಗುತ್ತದೆ, ರೋಗವೂ ನಿಲ್ಲದು. ಎಡೆ ಹೊಡೆದು ಬಿರುಕು ಮುಚ್ಚಿ, ಹಿಂದಿನ ದಿನ ತೆಳುವಾಗಿ ನೀರು ಕೊಟ್ಟು, ಗಿಡಕ್ಕೆ 50ರಿಂದ 100 ಮಿಲಿ ನಿಧಾನವಾಗಿ ಹಾಕಿ. ಆಮೇಲೆ ಎರಡು ದಿನ ನೀರು ಬಿಡಬೇಡಿ. ಮೋಡ ಕಟ್ಟಿದ್ದರೆ ಮುಂದೂಡಿ.

ಶಿಲೀಂಧ್ರನಾಶಕಗಳಲ್ಲಿ ತಾಮ್ರದ್ದು ಬೇರೆಯೇ ಕಥೆ. ಅದು ಧಾತು, ಒಡೆಯುವ ಮಾತೇ ಇಲ್ಲ. 50% ಕಾಪರ್ ಆಕ್ಸಿಕ್ಲೋರೈಡ್ ಲೀಟರಿಗೆ 3 ಗ್ರಾಂನಂತೆ ಎಕರೆಗೆ 200 ಲೀಟರ್ ಹೊಡೆದರೆ 600 ಗ್ರಾಂ ಪುಡಿ, ಅಂದರೆ 300 ಗ್ರಾಂ ತಾಮ್ರ. ವರ್ಷಕ್ಕೆ ಹತ್ತು ಸಲ ಎಂದಿಟ್ಟುಕೊಳ್ಳಿ, 3 ಕೆಜಿ. ಎಕರೆಯ ಮೇಲಿನ 15 ಸೆಂ.ಮೀ. ಮಣ್ಣು ಸುಮಾರು 9 ಲಕ್ಷ ಕೆಜಿ ತೂಗುತ್ತದೆ. ಹೀಗಾಗಿ ಪ್ರತಿ ಕೆಜಿ ಮಣ್ಣಿಗೆ ವರ್ಷಕ್ಕೆ 3 ಮಿ.ಗ್ರಾಂ.ಗಿಂತ ತುಸು ಹೆಚ್ಚು ಸೇರುತ್ತಾ ಹೋಗುತ್ತದೆ. ಒಂದೆರಡು ವರ್ಷಕ್ಕೆ ಇದು ಏನೂ ಅಲ್ಲ. ಕುಷ್ಟಗಿ ಕಡೆಯ ದಾಳಿಂಬೆಯಂತೆ ವರ್ಷವರ್ಷವೂ ಒಂದೇ ಸಾಲಿಗೆ ತಾಮ್ರ ಬೀಳುವ ತೋಟದವರು ಮಣ್ಣು ಪರೀಕ್ಷೆಗೆ ಕೊಡುವಾಗ ಅದನ್ನೂ ನೋಡಲು ಹೇಳಬೇಕು.

ಸಿಂಧನೂರು, ಗಂಗಾವತಿಯ ಭತ್ತದವರಿಗೆ ಒಂದು ಮಾತು: ಬೆಂಕಿ ರೋಗಕ್ಕೆ ಹೊಡೆಯುವ ಟ್ರೈಸೈಕ್ಲಜೋಲ್ ತಿಂಗಳುಗಟ್ಟಲೆ ಉಳಿಯುವಂಥದ್ದು. ಹೊಡೆದ ಮೇಲೆ ನಾಲ್ಕೈದು ದಿನ ಗದ್ದೆಯ ನೀರನ್ನು ಹಳ್ಳಕ್ಕೆ ಬಿಡಬೇಡಿ.

ಬೋರಿನ ವಿಷಯ. ಹೊಲದಿಂದ ಮಣ್ಣು ಸೋಸಿಕೊಂಡು ಇಳಿಯುವುದಕ್ಕಿಂತ ಹೆದರಬೇಕಾದ್ದು ಬೋರಿನ ಬಾಯಲ್ಲೇ ನಡೆಯುವ ಕೆಲಸಕ್ಕೆ. ಅಲ್ಲೇ ಔಷಧಿ ಕಲಸಿ, ಅಲ್ಲೇ ಪಂಪು ತೊಳೆದರೆ ಆ ನೀರು ಕೇಸಿಂಗ್ ಪಕ್ಕದ ಸಂದಿಯಲ್ಲಿ ನೇರ ಇಳಿಯುತ್ತದೆ. ಪೈಪು ಎಳೆದು ದೂರ ಕಲಸಿ, ತೊಳೆದ ನೀರನ್ನು ಹೊಡೆದ ಸಾಲಿನ ಮೇಲೇ ಚೆಲ್ಲಿ.