ಪ್ರಮಾಣಿತ ಬೀಜ ಅಂದರೆ ಏನು? ಚೀಟಿಯ ಬಣ್ಣ ನೋಡಿ

ಮುಂಗಾರಿನ ಎರಡು ಹದ ಮಳೆ ಬಿದ್ದರೆ ಸಾಕು, ಜಗಳೂರು, ಚಳ್ಳಕೆರೆ ಕಡೆ ಬೀಜದ್ದೇ ಮಾತು. ರೈತ ಸಂಪರ್ಕ ಕೇಂದ್ರದ ಮುಂದೆ ಶೇಂಗಾ ಬೀಜಕ್ಕೆ ಸಾಲು. ದಾವಣಗೆರೆಯ ಗೊಬ್ಬರದ ಅಂಗಡಿಗಳಲ್ಲಿ ಮೆಕ್ಕೆಜೋಳದ ಪ್ಯಾಕೆಟ್‌ಗೆ ಚೌಕಾಸಿ. ಎರಡೂ ಕಡೆ ‘ಸರ್ಟಿಫೈಡ್ ಬೀಜ’ ಅನ್ನುವ ಮಾತು ಕೇಳುತ್ತದೆ. ಆದರೆ ಅಂಗಡಿಯ ಮೆಕ್ಕೆಜೋಳದ ಪ್ಯಾಕೆಟ್ ಹೆಚ್ಚಿನ ಸಲ ಸರ್ಟಿಫೈಡ್ ಆಗಿರುವುದಿಲ್ಲ. ಹಾಗಂತ ಅದು ಕಳ್ಳಮಾಲೂ ಅಲ್ಲ. ಕಾನೂನೇ ಅದಕ್ಕೆ ಜಾಗ ಕೊಟ್ಟಿದೆ.

ಪ್ರಮಾಣಿತ ಬೀಜ ಅಂದರೆ, ಬೀಜ ಬೆಳೆಯುವ ಹೊಲವನ್ನೇ ಪ್ರಮಾಣನ ಸಂಸ್ಥೆಯವರು ಬಂದು ನೋಡಿ, ಕೊಯ್ಲಾದ ಮೇಲೆ ಮಾದರಿ ಪರೀಕ್ಷೆ ಮಾಡಿಸಿ, ಪಾಸಾದರೆ ಮಾತ್ರ ನೀಲಿ ಚೀಟಿ ಕೊಡುವ ಬೀಜ. ನಮ್ಮಲ್ಲಿ ಈ ಕೆಲಸ ಕರ್ನಾಟಕ ರಾಜ್ಯ ಬೀಜ ಮತ್ತು ಸಾವಯವ ಪ್ರಮಾಣನ ಸಂಸ್ಥೆಯದು. ಇದನ್ನು ಕರ್ನಾಟಕ ರಾಜ್ಯ ಬೀಜ ನಿಗಮದ ಜೊತೆ ಬೆರೆಸಬೇಡಿ. ನಿಗಮ ಬೀಜ ಬೆಳೆಸಿ ಮಾರುತ್ತದೆ, ಸಂಸ್ಥೆ ಅದನ್ನು ಪರೀಕ್ಷಿಸುತ್ತದೆ. ಮಾರುವವನೇ ತನಗೆ ತಾನು ಮಾರ್ಕು ಹಾಕಿಕೊಳ್ಳಬಾರದಲ್ವಾ?

ಹೊಲದಲ್ಲಿ ಏನು ನೋಡುತ್ತಾರೆ ಅನ್ನುವುದೇ ಇಲ್ಲಿ ಮುಖ್ಯ. ಮೊದಲು, ಬಿತ್ತಿದ ಬೀಜ ಎಲ್ಲಿಂದ ಬಂತು ಅನ್ನುವುದಕ್ಕೆ ದಾಖಲೆ ಬೇಕು. ತಳಿ ಅಭಿವೃದ್ಧಿ ಮಾಡಿದ ವಿಜ್ಞಾನಿಗಳ ಉಸ್ತುವಾರಿಯಲ್ಲಿ ಬೆಳೆದದ್ದು ತಳಿವರ್ಧಕ ಬೀಜ, ಅದಕ್ಕೆ ಹಳದಿ ಚೀಟಿ. ಅದನ್ನು ಬಿತ್ತಿ ಬೆಳೆದದ್ದು ಮೂಲ ಬೀಜ, ಬಿಳಿ ಚೀಟಿ. ಮೂಲ ಬೀಜದಿಂದ ಬಂದದ್ದು ಪ್ರಮಾಣಿತ ಬೀಜ. ಆಮೇಲೆ ಅಂತರ. ಶೇಂಗಾ ಮತ್ತು ಭತ್ತದ ಹೂವು ತನ್ನಲ್ಲೇ ಪರಾಗ ಕಟ್ಟಿಕೊಳ್ಳುತ್ತದೆ, ಹಾಗಾಗಿ ಪಕ್ಕದ ಬೇರೆ ತಳಿಯಿಂದ 3 ಮೀಟರ್ ದೂರ ಇದ್ದರೆ ಸಾಕು. ಮೆಕ್ಕೆಜೋಳದ ಪರಾಗ ಗಾಳಿಯಲ್ಲಿ ಹಾರುತ್ತದೆ. ಹೈಬ್ರಿಡ್ ಬೀಜ ಬೆಳೆಯುವ ಹೊಲದ ಸುತ್ತ 200 ಮೀಟರ್ ಒಳಗೆ ಬೇರೆ ಮೆಕ್ಕೆಜೋಳ ಇರಬಾರದು. ದಾವಣಗೆರೆ ತಾಲ್ಲೂಕಿನಲ್ಲಿ ಮಳೆಗಾಲದಲ್ಲಿ ಅಂಥ ಜಾಗ ಹುಡುಕಿ ನೋಡಿ! ಎಲ್ಲಿ ತಿರುಗಿದರೂ ಮೆಕ್ಕೆಜೋಳವೇ. ಜೊತೆಗೆ ಹೆಣ್ಣು ಸಾಲಿನ, ಅಂದರೆ ಬೀಜ ಕಟ್ಟಲು ಬಿಟ್ಟ ಗಿಡಗಳ, ಗಂಡು ಹೂಗೊಂಚಲನ್ನು ಪರಾಗ ಉದುರುವ ಮೊದಲೇ ಕಿತ್ತು ಹಾಕಬೇಕು. ಯಾವ ಬೆಳೆಯಾದರೂ ಬೆರಕೆ ಗಿಡ ಕಂಡರೆ ಬುಡಸಮೇತ ಕೀಳಲೇಬೇಕು.

ಹೊಲ ಪಾಸಾದ ಮೇಲೆ ಪ್ರಯೋಗಾಲಯ. ಪ್ರಮಾಣಿತ ಬೀಜದ ಮೊಳಕೆ ಕನಿಷ್ಠ ಎಷ್ಟಿರಬೇಕು ಅನ್ನುವುದು ಬೆಳೆಯಿಂದ ಬೆಳೆಗೆ ಬೇರೆ. ಶೇಂಗಾಕ್ಕೆ ಶೇ. 70, ರಾಗಿಗೆ ಶೇ. 75, ಭತ್ತಕ್ಕೆ ಶೇ. 80, ಹೈಬ್ರಿಡ್ ಮೆಕ್ಕೆಜೋಳಕ್ಕೆ ಶೇ. 90. ಅಂದರೆ ನೂರು ಶೇಂಗಾ ಕಾಳಿನಲ್ಲಿ ಮೂವತ್ತು ಹುಟ್ಟದಿದ್ದರೂ ಆ ಚೀಲ ಲೆಕ್ಕದ ಪ್ರಕಾರ ಸರಿಯಾದದ್ದೇ. ‘ಬೀಜ ಕಳಪೆ’ ಅಂತ ಜಗಳಕ್ಕೆ ಇಳಿಯುವ ಮೊದಲು ಇದು ಗೊತ್ತಿರಲಿ. ಚೀಟಿಗೆ ಆಯಸ್ಸೂ ಇದೆ: ಪರೀಕ್ಷೆಯಾದ ದಿನದಿಂದ 9 ತಿಂಗಳು. ಮತ್ತೆ ಪರೀಕ್ಷೆ ಮಾಡಿಸಿ ಪಾಸಾದರೆ ಇನ್ನೂ 6 ತಿಂಗಳು.

ಇನ್ನು ಹಸಿರು ಚೀಟಿ. ಇದನ್ನು ನಿಜಚೀಟಿ ಬೀಜ ಅನ್ನುತ್ತಾರೆ, ಅಂಗಡಿಯವರ ಬಾಯಲ್ಲಿ ‘ಟ್ರೂತ್‌ಫುಲ್’. ಇಲ್ಲಿ ಹೊಲ ನೋಡಲು ಯಾರೂ ಬರುವುದಿಲ್ಲ. ಮೊಳಕೆ ಇಷ್ಟು, ಶುದ್ಧತೆ ಇಷ್ಟು ಅಂತ ಕಂಪನಿಯೇ ಬರೆಯುತ್ತದೆ, ಅದಕ್ಕೆ ಕಂಪನಿಯೇ ಹೊಣೆ. ಬರೆದದ್ದು ಸುಳ್ಳಾದರೆ ಕೃಷಿ ಇಲಾಖೆಯ ಬೀಜ ಪರಿವೀಕ್ಷಕರು ಅಂಗಡಿಯಿಂದ ಮಾದರಿ ತೆಗೆದು ಕ್ರಮ ಕೈಗೊಳ್ಳಬಹುದು.

ಇದಕ್ಕೆ ಬೇರು 1966ರ ಬೀಜ ಕಾಯ್ದೆಯಲ್ಲಿದೆ. ಸರ್ಕಾರ ಅಧಿಸೂಚನೆ ಹೊರಡಿಸಿದ ತಳಿಗಳಿಗೆ ಆ ಕಾಯ್ದೆ ಕನಿಷ್ಠ ಗುಣಮಟ್ಟ ಮತ್ತು ಚೀಟಿಯನ್ನು ಕಡ್ಡಾಯ ಮಾಡಿತು. ಪ್ರಮಾಣನವನ್ನು ಮಾತ್ರ ಇಷ್ಟವಿದ್ದವರಿಗೆ ಬಿಟ್ಟಿತು. ಆಗ ಬೀಜ ಅಂದರೆ ಬಹುಮಟ್ಟಿಗೆ ಸರ್ಕಾರದ್ದೇ. ರಾಷ್ಟ್ರೀಯ ಬೀಜ ನಿಗಮ ಶುರುವಾದದ್ದೇ 1963ರಲ್ಲಿ. 1988ರ ಬೀಜ ನೀತಿಯ ನಂತರ ಖಾಸಗಿ ಕಂಪನಿಗಳು ಜೋರಾಗಿ ಬಂದವು. ಅವರ ಎಷ್ಟೋ ಹೈಬ್ರಿಡ್‌ಗಳು ಅಧಿಸೂಚಿತ ಆಗಿಲ್ಲ. ಅಧಿಸೂಚನೆ ಇಲ್ಲದಿದ್ದರೆ ಪ್ರಮಾಣನ ಬೇಕೆಂದರೂ ಸಿಗುವುದಿಲ್ಲ. ದಂಡ ನೋಡಿದರೆ ನಗು ಬರುತ್ತದೆ: ಮೂಲ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ಹೆಚ್ಚೆಂದರೆ 500 ರೂಪಾಯಿ. ಒಂದು ಪ್ಯಾಕೆಟ್ ಬೀಜದ ಬೆಲೆಯೇ ಅದಕ್ಕಿಂತ ಜಾಸ್ತಿ. ಇದನ್ನು ಬದಲಿಸಲು 2004ರಿಂದಲೂ ಮಸೂದೆಗಳು ಬರುತ್ತಿವೆ.

ಹಾಗಾದರೆ ನೀಲಿ ಚೀಟಿಯೇ ಒಳ್ಳೆಯದು, ಹಸಿರು ಕೆಟ್ಟದ್ದು ಅನ್ನಬಹುದಾ? ನನಗೆ ಹಾಗನ್ನಿಸುವುದಿಲ್ಲ. ಯಾವ ಬೆಳೆಗೆ ಯಾವ ಚೀಟಿ ಎಂಬುದನ್ನು ಅರ್ಧ ತೀರ್ಮಾನಿಸುವುದು ಲಾಭದ ಲೆಕ್ಕ. ಹೈಬ್ರಿಡ್ ಮೆಕ್ಕೆಜೋಳದ ಬೀಜ ಎಕರೆಗೆ ಸುಮಾರು 8 ಕೆ.ಜಿ. ಸಾಕು. ಬೆಳೆದ ಕಾಳನ್ನು ಮತ್ತೆ ಬಿತ್ತಿದರೆ ಇಳುವರಿ ಕುಸಿಯುತ್ತದೆ, ಹಾಗಾಗಿ ರೈತ ಪ್ರತಿವರ್ಷ ಅಂಗಡಿಗೆ ಬರಲೇಬೇಕು. ಕಂಪನಿಗೆ ಇದಕ್ಕಿಂತ ಬೇರೇನು ಬೇಕು? ಶೇಂಗಾದ ಕಥೆ ತಲೆಕೆಳಗು. ಎಕರೆಗೆ ನಲವತ್ತು, ಐವತ್ತು ಕೆ.ಜಿ. ಬೀಜ ಬೇಕು. ಮಳೆಯಾಶ್ರಯದಲ್ಲಿ ಬಿತ್ತಿದ್ದಕ್ಕೆ ಎಂಟು, ಹತ್ತು ಪಟ್ಟು ಬಂದರೆ ಪುಣ್ಯ. ಇಟ್ಟರೆ ಬೇಗ ಮೊಳಕೆ ಶಕ್ತಿ ಕಳೆದುಕೊಳ್ಳುತ್ತದೆ, ಸಾಗಿಸಲು ಭಾರ. ಅದರ ಮೇಲೆ ರೈತ ತನ್ನ ಬೆಳೆಯನ್ನೇ ಬೀಜಕ್ಕೆ ಇಟ್ಟುಕೊಳ್ಳಬಹುದು. ಇಂಥ ವ್ಯಾಪಾರಕ್ಕೆ ಖಾಸಗಿಯವರು ಬರುವುದು ಕಡಿಮೆ. ಹಾಗಾಗಿಯೇ ಚಳ್ಳಕೆರೆಯ ರೈತ ಶೇಂಗಾಕ್ಕೆ ಸರ್ಕಾರದ ಬಾಗಿಲಲ್ಲಿ, ದಾವಣಗೆರೆಯ ರೈತ ಮೆಕ್ಕೆಜೋಳಕ್ಕೆ ಕಂಪನಿಯ ಅಂಗಡಿಯಲ್ಲಿ ನಿಲ್ಲುವುದು.

ಯಾವ ಚೀಟಿಯೇ ಇರಲಿ, ಬಿಲ್ ಕೇಳಿ ತೆಗೆದುಕೊಳ್ಳಿ. 1983ರ ಬೀಜ ನಿಯಂತ್ರಣ ಆದೇಶದ ಪ್ರಕಾರ ಮಾರಾಟಗಾರ ಲೈಸೆನ್ಸ್ ಇಟ್ಟುಕೊಂಡಿರಬೇಕು, ಬಿಲ್ ಕೊಡಲೇಬೇಕು. ಬಿತ್ತಿದ ಮೇಲೆ ಚೀಟಿ, ಖಾಲಿ ಚೀಲ, ಒಂದು ಹಿಡಿ ಬೀಜ ಎತ್ತಿಡಿ. ಚೀಟಿಯ ಮೇಲಿನ ಲಾಟ್ ನಂಬರ್ ಇಲ್ಲದೆ ದೂರು ಮುಂದೆ ಹೋಗುವುದು ಕಷ್ಟ. ಬೀಜ ಕೊಂಡ ರೈತನೂ ಗ್ರಾಹಕನೇ, ಗ್ರಾಹಕ ನ್ಯಾಯಾಲಯಕ್ಕೆ ಹೋಗಬಹುದು ಅಂತ ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿದೆ. ಆ ಪ್ರಕರಣದಲ್ಲಿ ಎದುರಾಳಿ ರಾಷ್ಟ್ರೀಯ ಬೀಜ ನಿಗಮವೇ ಆಗಿತ್ತು.

ಮನೆಯ ಬೀಜಕ್ಕೆ ಯಾವ ಚೀಟಿಯೂ ಬೇಡ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಂತೆ ರೈತ ತಾನು ಬೆಳೆದ ಬೀಜವನ್ನು ಇಟ್ಟುಕೊಳ್ಳಬಹುದು, ಬಿತ್ತಬಹುದು, ಅದಲುಬದಲು ಮಾಡಬಹುದು, ಮಾರಲೂಬಹುದು. ಬ್ರ್ಯಾಂಡ್ ಹೆಸರು ಹಾಕಿ ಮಾರುವಂತಿಲ್ಲ, ಅಷ್ಟೇ. ಬಿತ್ತುವ ಮೊದಲು ನೂರು ಕಾಳು ಎಣಿಸಿ, ಒದ್ದೆ ಗೋಣಿತಾಟಿನಲ್ಲಿ ಸುತ್ತಿ ನೆರಳಲ್ಲಿಡಿ. ವಾರ, ಹತ್ತು ದಿನ ತೇವ ಆರದಂತೆ ನೋಡಿಕೊಳ್ಳಿ. ಶೇಂಗಾದಲ್ಲಿ ಎಪ್ಪತ್ತಕ್ಕಿಂತ ಜಾಸ್ತಿ ಚೆನ್ನಾಗಿ ಮೊಳೆತರೆ ಮೊಳಕೆಯ ಮಟ್ಟಿಗೆ ಅದು ನೀಲಿ ಚೀಟಿಗೆ ಸಮ. ತಳಿ ಬೆರಕೆಯಾಗಿದೆಯೋ ಇಲ್ಲವೋ ಅನ್ನುವುದು ಗೋಣಿತಾಟಿನಲ್ಲಿ ಗೊತ್ತಾಗುವುದಿಲ್ಲ. ಅದಕ್ಕೆ ಹಿಂದಿನ ಬೆಳೆ ನಿಂತಿದ್ದಾಗಲೇ ಹೊಲ ಸುತ್ತಿರಬೇಕು.